ಬೆಳ್ಳಕ್ಕಿಗೆ ಬಿಳಿ ಬಣ್ಣ ಬೇಡ: ವಾಟರ್ ಕಲರ್‌ನಲ್ಲಿ ಹಕ್ಕಿ ಬಿಡಿಸೋ ಗುಟ್ಟು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಹಕ್ಕಿ ಚಿತ್ರದ ಬಗ್ಗೆ ಮಾತಾಡೋಣ. ಮೊದಲು ನನ್ನ ಫಜೀತಿ ಕೇಳ್ರಿ.

ನಮ್ಮ ಆಯಿಗೆ ಧಾರವಾಡದ ಕೆಲಗೇರಿ ಕೆರೆ ದಂಡೆ ಅಂದ್ರೆ ಜೀವ. ಈಗ ಮೊಣಕಾಲು ನೋವು, ಕಣ್ಣಿಗೆ ಪೊರೆ ಬೇರೆ. ಕೆರೆ ಕಡೆ ಹೋಗೋದೇ ನಿಂತಿದೆ. ಒಂದು ಬೆಳ್ಳಕ್ಕಿನಾದರೂ ಮನೆಗೆ ತರೋಣ ಅಂತ ಚಿತ್ರ ಬಿಡಿಸೋಕೆ ಕೂತೆ. ಮೊಬೈಲ್‌ನಲ್ಲಿ ಫೋಟೋ ಝೂಮ್ ಮಾಡಿ, ಒಂದೊಂದು ಗರಿ ನೋಡಿ ನೋಡಿ, ಮೂರು ತಾಸು ತಿದ್ದಿದೆ. ಆಯಿ ಹಾಳೆಯನ್ನ ಕಣ್ಣ ಹತ್ತಿರ ಹಿಡಿದು ಕೇಳಿದಳು: "ತಮ್ಮಾ, ಇದು ಕೋಳಿ ಏನೋ?"

ನಾನು ಬಿ.ಕಾಂ ಓದಿದವನು. ಲೆಡ್ಜರ್‌ನಲ್ಲಿ ಒಂದು ಎಂಟ್ರಿ ಬಿಟ್ಟರೂ ಲೆಕ್ಕ ತಾಳೆ ಆಗೋದಿಲ್ಲ. ಅದೇ ಬುದ್ಧಿ ಇಲ್ಲಿ ಉಪಯೋಗಿಸಿದ್ದೆ. ಅದೇ ತಪ್ಪಾಗಿತ್ತು.

ಯಾಕೆ ಅಂತ ಹೇಳ್ತೀನಿ. ಕೆರೆ ದಂಡೆಯಲ್ಲಿ ನಿಂತಾಗ ನಮಗೆ ಗರಿ ಕಾಣೋದಿಲ್ಲ. ಕಾಣೋದು ನಿಲುವು: ಬಾಗಿದ ಕತ್ತು, ಮುಂದಕ್ಕೆ ಚಾಚಿದ ಕೊಕ್ಕು, ಕಡ್ಡಿಯಂಥ ಕಾಲು. ಅಷ್ಟರಿಂದಲೇ ಇದು ಬೆಳ್ಳಕ್ಕಿ ಅಂತ ಗುರುತು ಹಿಡೀತೀವಿ. ಗರಿಗಳನ್ನ ಲೆಕ್ಕ ಹಾಕಿ ತುಂಬಿಸಿದರೆ ಆ ನಿಲುವು ಮುಚ್ಚಿಹೋಗುತ್ತೆ.

ಇನ್ನೊಂದು ಉದಾಹರಣೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಗೊತ್ತಲ್ಲ? ರಾಮ್ಸರ್ ಪಟ್ಟಿಗೆ ಸೇರಿದ ಕೆರೆ. ಅಲ್ಲಿಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟಿ. ತೆಳು ಬೂದು ಮೈ ಒಂದು ಹಾಕಿ, ಆ ಎರಡು ಪಟ್ಟಿ ಎಳೆದರೆ ಸಾಕು, ಹಕ್ಕಿ ಯಾವುದು ಅಂತ ನೋಡುವವರೇ ಹೇಳ್ತಾರೆ.

ನಮ್ಮ ಕಾವ್ಯಶಾಸ್ತ್ರದಲ್ಲಿ ಇದಕ್ಕೆ ‘ಧ್ವನಿ’ ಅಂತಾರೆ. ನೇರವಾಗಿ ಹೇಳದೆ ಹೊಳೆಯುವಂತೆ ಮಾಡೋದು. 9ನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಇದರ ಬಗ್ಗೆ ಇಡೀ ಗ್ರಂಥವನ್ನೇ ಬರೆದ. ನಮ್ಮ ಸಾಧನಕೇರಿಯ ಬೇಂದ್ರೆ ಅಜ್ಜ 1932ರ ತಮ್ಮ ಸಂಕಲನಕ್ಕೆ ‘ಗರಿ’ ಅಂತ ಹೆಸರಿಟ್ಟರು. ಗರಿ ಅಂದ ಕೂಡಲೇ ಹಕ್ಕಿನೂ ಬಂತು, ಹಾರಾಟನೂ ಬಂತು.

ವಾಟರ್ ಕಲರ್‌ನಲ್ಲಿ ಈ ಮಾತಿಗೆ ಇನ್ನೂ ತೂಕ ಜಾಸ್ತಿ. ಎಣ್ಣೆ ಬಣ್ಣದಲ್ಲಿ ತಪ್ಪಾದರೆ ಮೇಲೆ ಬಿಳಿ ಹಚ್ಚಬಹುದು. ಇಲ್ಲಿ ಬಣ್ಣ ಪಾರದರ್ಶಕ, ಹಾಳೆಯೇ ಬಿಳಿ. ಒಮ್ಮೆ ಅದರ ಮೇಲೆ ಬಣ್ಣ ಬಿದ್ದರೆ ಮೊದಲಿನ ಬಿಳುಪು ವಾಪಸ್ ಬರೋದು ಕಷ್ಟ. ಹಾಗಾಗಿ ಏನು ಬಿಡಬೇಕು ಅನ್ನೋದನ್ನ ಬ್ರಷ್ ಅದ್ದೋ ಮೊದಲೇ ತೀರ್ಮಾನ ಮಾಡಬೇಕು.

ಸರಿ, ಬೆಳ್ಳಕ್ಕಿ ಬಿಡಿಸೋಣ. 300 ಜಿಎಸ್‌ಎಂ ಹಾಳೆ ಇರಲಿ, ತೆಳು ಹಾಳೆ ನೀರಿಗೆ ಸುಕ್ಕಾಗುತ್ತೆ. ಪೆನ್ಸಿಲ್‌ನಲ್ಲಿ ಹಗುರವಾಗಿ ಆಕಾರ ಅಷ್ಟೇ. ಈಗ ಹಕ್ಕಿಯನ್ನ ಬಿಟ್ಟು ಅದರ ಸುತ್ತ ಬಣ್ಣ ಹಾಕ್ರಿ: ನೀಲಿಗೆ ಸ್ವಲ್ಪ ಕಂದು ಬೆರೆಸಿದ ಕೆರೆ ನೀರಿನ ಬಣ್ಣ. ತಲೆ, ಕೊಕ್ಕಿನ ಹತ್ತಿರ ಅಂಚು ಚೂಪಾಗಿರಲಿ. ಬೆನ್ನಿನ ಕಡೆ ಬಣ್ಣ ಹಸಿ ಇದ್ದಾಗಲೇ ಬರೀ ನೀರಿನ ಬ್ರಷ್ ತಾಗಿಸಿ, ಅಂಚು ಕರಗಲಿ. ಕರಗಿದ ಅಂಚನ್ನ ನೋಡೋರ ಕಣ್ಣು ತಾನೇ ಪೂರ್ತಿ ಮಾಡ್ಕೊಳ್ಳುತ್ತೆ.

ಪೂರ್ತಿ ಒಣಗಲಿ. ಅವಸರ ಮಾಡಿ ಅರೆಹಸಿ ಇದ್ದಾಗ ನೀರು ಬಿದ್ದರೆ ಹೂಕೋಸಿನಂಥ ಕಲೆ ಏಳುತ್ತೆ. ಆಮೇಲೆ ಹೊಟ್ಟೆ ಕೆಳಗೆ ತೆಳು ನೆರಳು, ಒಂದು ಸಲ ಮಾತ್ರ. ಕಪ್ಪು ಕೊಕ್ಕು ಒಂದೇ ಎಳೆತ. ಕಣ್ಣು ಒಂದು ಚುಕ್ಕೆ. ಕಾಲುಗಳನ್ನ ನಡುವೆ ತುಂಡು ಮಾಡಿ ಎಳೀರಿ, ಅಲ್ಲಿ ನೀರಿದೆ ಅನ್ಸುತ್ತೆ. ಮುಗೀತು.

ಎಲ್ಲಕ್ಕಿಂತ ಕಷ್ಟ ಈ ‘ಮುಗೀತು’ ಅನ್ನೋದೇ. ಇನ್ನೊಂದು ಗರಿ, ಇನ್ನೊಂದು ಹುಲ್ಲಿನ ಕಡ್ಡಿ ಅಂತ ಕೈ ತುರಿಸುತ್ತೆ. ನನ್ನ ಉಪಾಯ: ಎದ್ದು ಹೋಗಿ ಚಹಾ ಕುಡಿದು, ಬಾಗಿಲಲ್ಲಿ ನಿಂತು ನೋಡೋದು. ಅಲ್ಲಿಂದ ಹಕ್ಕಿ ಗೊತ್ತಾದರೆ ಕೈ ಹಚ್ಚೋದಿಲ್ಲ.

ಹಾಗೆ ಬಿಡಿಸಿದ್ದನ್ನ ಗೋಡೆಗೆ ಅಂಟಿಸಿದೆ. ಆಯಿ ಮಂಚದ ಮೇಲಿಂದಲೇ ಕಣ್ಣು ಕಿರಿದು ಮಾಡಿ ನೋಡಿದಳು. "ಬೆಳ್ಳಕ್ಕಿ ಅಲ್ಲೇನೋ? ಮೀನ ಕಾಯಾಕತ್ತೈತಿ ನೋಡು."

ಚಿತ್ರದಲ್ಲಿ ಮೀನು ಇರಲಿಲ್ಲರಿ.

ಈ ಭಾನುವಾರ ನೀವೂ ಉಣಕಲ್ ಕೆರೆಗೋ, ನಿಮ್ಮ ಮನೆ ಟೆರೇಸಿಗೋ ಹೋಗಿ ಒಂದು ಹಕ್ಕಿಯನ್ನ ಐದು ನಿಮಿಷ ಸುಮ್ಮನೆ ನೋಡ್ರಿ. ಫೋನ್ ಜೇಬಲ್ಲೇ ಇರಲಿ. ಮನೆಗೆ ಬಂದ ಮೇಲೆ ನೆನಪಲ್ಲಿ ಉಳಿದಷ್ಟನ್ನೇ ಬಿಡಿಸ್ರಿ. ಮುಂದಿನ ವಾರ ಸಿಗೋಣ.