ಆರೋಗ್ಯ ಮಾತೆಯ ಅಂಗಳಕ್ಕೆ ನಾಲ್ಕು ಸೀಮೆಯ ಜನ

ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯ ಮಾತೆಯ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದು ಬಲಿಪೂಜೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಧ್ವನಿವರ್ಧಕದಲ್ಲಿ ಜಪಮಾಲೆ ಸಾಗುತ್ತದೆ. ಮೇಣದಬತ್ತಿ ಹಚ್ಚುವ ಜಾಗದಲ್ಲಿ ಮೇಣ ಕರಗಿ ಕಾಲಿಗಂಟುತ್ತದೆ. ಕುಂಕುಮವಿಟ್ಟ ಹಣೆ, ಟೋಪಿ ತೊಟ್ಟ ತಲೆ, ಕೊರಳಲ್ಲಿ ಶಿಲುಬೆ, ಎಲ್ಲವೂ ಒಂದೇ ಸಾಲಿನಲ್ಲಿ. 2019ರಲ್ಲಿ ಪೋಪ್ ಫ್ರಾನ್ಸಿಸ್ ಈ ಗುಡಿಗೆ ಕಿರು ಬಸಿಲಿಕಾ ಎಂಬ ಗೌರವ ಕೊಟ್ಟರು. ಜನರ ಬಾಯಲ್ಲಿ ಇದು ಇಂದಿಗೂ 'ಹರಿಹರದ ಮಾತೆ'ಯೇ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿಯವರು ಇಲ್ಲಿಗೆ ನೀರಿನ ದಾರಿಯಲ್ಲೇ ಬರುತ್ತಾರೆ ಎನ್ನಬಹುದು. ಕೂಡಲಿಯಲ್ಲಿ ತುಂಗೆ ಭದ್ರೆ ಕೂಡಿದ ಹೊಳೆ ಹೊನ್ನಾಳಿಯನ್ನು ಸವರಿಕೊಂಡು ಹರಿಹರಕ್ಕಿಳಿಯುತ್ತದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ ಹೊರಟ ಹರಿದ್ರಾ ಹಳ್ಳವೂ ಇಲ್ಲೇ ಹೊಳೆ ಸೇರುತ್ತದೆ. ಜಗಳೂರಿನ ಮಾತು ಮಾತ್ರ ಬೇರೆ. ಅಲ್ಲಿಂದ ಹರಿದು ಬರಲು ನೀರೇ ಇಲ್ಲ. ಹರಿಹರದ ಪಕ್ಕದ ದೀಟೂರಿನಿಂದ ಹೊಳೆಯ ನೀರನ್ನೆತ್ತಿ ಜಗಳೂರಿನ 57 ಕೆರೆಗಳಿಗೆ ತುಂಬಿಸುವ ಯೋಜನೆಯೇ ಆ ಸೀಮೆಯ ಆಸೆ.

ಒಬ್ಬೊಬ್ಬರು ಹೊತ್ತು ತಂದ ಕಷ್ಟವೂ ಹೀಗೆಯೇ ನೀರಿನದು. ಹೊನ್ನಾಳಿಯವರಿಗೆ ನೀರು ಹೆಚ್ಚಾದ ಕಷ್ಟ: 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿದಾಗ ಬಾಲರಾಜ ಘಾಟ್‌ನ ಮನೆಗಳೊಳಗೆ ನೀರು ನುಗ್ಗಿತ್ತು. ಚನ್ನಗಿರಿಯವರಿಗೆ ಕಡಿಮೆಯಾದ ಕಷ್ಟ: 2023ರ ಮಳೆ ಕೈಕೊಟ್ಟ ಮೇಲೆ, ಮರುವರ್ಷದ ಬೇಸಿಗೆಯಲ್ಲಿ ಅಡಿಕೆ ಮರ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಕೊಂಡು ಹಾಕಿದರು. ನ್ಯಾಮತಿ ಕಡೆಯ ತಾಂಡಾಗಳಲ್ಲಿ ಸುಗ್ಗಿ ಮುಗಿಯುತ್ತಲೇ ಗಂಟುಮೂಟೆ ಕಟ್ಟಿ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋಗುವುದು ಹೊಸದಲ್ಲ. ಜಗಳೂರಿನವರು ಮೆಕ್ಕೆಜೋಳ ಬಿತ್ತಿ ಮೋಡ ನೋಡುತ್ತಾರೆ.

ಗೋಡೆಗೊರಗಿ ಕುಳಿತ ಹೆಂಗಸೊಬ್ಬಳ ಬೆರಳು ನೋಡಿ. ಅಡಿಕೆ ಸುಲಿದು ಸುಲಿದು ಹೆಬ್ಬೆರಳಿಗೆ ಚೊಗರಿನ ಕಪ್ಪು ಹತ್ತಿದೆ. ಸೋಪು ಹಾಕಿ ತಿಕ್ಕಿದರೂ ಹೋಗುವಂಥದ್ದಲ್ಲ. ಉಗುರಿನ ಪಕ್ಕ ಮೆಟ್ಟುಗತ್ತಿ ತಾಗಿದ ಹಳೆಯ ಗಾಯ. ಅದೇ ಹೆಬ್ಬೆರಳು ಜಪಮಾಲೆಯ ಮಣಿಗಳನ್ನು ಒಂದೊಂದಾಗಿ ಸರಿಸುತ್ತಿದೆ. ರಾತ್ರಿ ಎಷ್ಟು ಡಬ್ಬ ಸುಲಿದಳೋ, ಕಣ್ಣು ಎಳೆಯುತ್ತಿವೆ. ಮಣಿ ಮಾತ್ರ ತಪ್ಪುತ್ತಿಲ್ಲ.

ಈ ದಿನ ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ. ಆಗಸ್ಟ್ 30ರಿಂದ ಒಂಬತ್ತು ದಿನದ ನೊವೆನಾ ನಡೆದು, ಇಂದು ಹೂವು, ಹಾಡು, ಸಂಭ್ರಮ. ಸರಿಯಾಗಿ ಒಂದು ವಾರಕ್ಕೆ, 15ರಂದು, ಅದೇ ತಾಯಿಯನ್ನು ವ್ಯಾಕುಲ ಮಾತೆ ಎಂದು ನೆನೆಯುತ್ತಾರೆ. ಅದರ ಹಿಂದಿನ ದಿನ ಪವಿತ್ರ ಶಿಲುಬೆಯ ಹಬ್ಬ. ತೊಟ್ಟಿಲ ಖುಷಿಯನ್ನೂ ಮಗನನ್ನು ಕಳೆದುಕೊಂಡ ಸಂಕಟವನ್ನೂ ಒಂದೇ ವಾರದೊಳಗೆ ಇಟ್ಟ ಪಂಚಾಂಗವಿದು. ಹಾಗಾಗಿ ಇಲ್ಲಿಗೆ ಬಂದವರಾರೂ ಕಷ್ಟವನ್ನು ಮನೆಯಲ್ಲಿ ಬಿಟ್ಟು ನಗುಮುಖ ಹೊತ್ತು ಬರಬೇಕಿಲ್ಲ.

ಬೈಬಲಿನಲ್ಲಿ ಹಬಕ್ಕೂಕನೆಂಬ ಪ್ರವಾದಿಯಿದ್ದಾನೆ. ಹಣ್ಣು ಬಿಡದ ಗಿಡ, ಬೆಳೆಯಿಲ್ಲದ ಹೊಲ, ದನಕುರಿಯಿಲ್ಲದ ಕೊಟ್ಟಿಗೆ, ಎಲ್ಲವನ್ನೂ ಬರ ಸಮೀಕ್ಷೆಗೆ ಬಂದ ಗ್ರಾಮಲೆಕ್ಕಿಗರಂತೆ ಪಟ್ಟಿ ಮಾಡಿ, ಅದರ ಕೆಳಗೇ ದೇವರಲ್ಲಿ ಆನಂದಿಸುತ್ತೇನೆ ಎನ್ನುತ್ತಾನೆ. ನಷ್ಟವನ್ನು ಮುಚ್ಚಿಡುವುದಿಲ್ಲ, ಪರಿಹಾರಕ್ಕೆ ಕಾಯುವುದೂ ಇಲ್ಲ. ಅದೇ ಬೈಬಲಿನಲ್ಲಿ ಪೌಲನು ಫಿಲಿಪ್ಪಿ ಊರಿನ ವಿಶ್ವಾಸಿಗಳಿಗೆ ಸಂತೋಷವಾಗಿರಿ ಎಂದು ಮತ್ತೆ ಮತ್ತೆ ಬರೆದದ್ದು ಸೆರೆಮನೆಯಿಂದ. ಜಗಳೂರಿನ ಹೊಲದ ಬದುವಿನಲ್ಲಿ ನಿಂತು ಇವನ್ನು ಓದಿದವರಿಗೆ ವ್ಯಾಖ್ಯಾನ ಬೇಡ.

ಬಲಿಪೂಜೆಯ ನಡುವೆ ವಿಶ್ವಾಸಿಗಳ ಪ್ರಾರ್ಥನೆ ಬರುತ್ತದೆ. ಕಾಯಿಲೆಯವರಿಗಾಗಿ, ಕೆಲಸ ಸಿಗದ ಮಕ್ಕಳಿಗಾಗಿ, ಮಳೆಬೆಳೆಗಾಗಿ ಒಬ್ಬರು ಬೇಡುತ್ತಾರೆ. ಅಂಗಳಕ್ಕೆ ಅಂಗಳವೇ ಓಗೊಡುತ್ತದೆ. ಟ್ಯಾಂಕರಿಗೆ ಮಾಡಿದ ಸಾಲ ಆ ಕೂಗಿನಿಂದ ಒಂದು ರೂಪಾಯಿಯೂ ಇಳಿಯುವುದಿಲ್ಲ. ಆದರೆ ಊರಲ್ಲಿ ಹೇಳಿಕೊಳ್ಳಲು ನಾಚಿದ ಸಂಕಟಕ್ಕೆ ಇಲ್ಲಿ ಗೊತ್ತಿಲ್ಲದವರೂ ದನಿಗೂಡಿಸುತ್ತಾರೆ. ಇವರಿಗೆ ಬಲ ಬರುವುದು ಅಲ್ಲಿಂದ.

ಹೊರಗೆ ಬಳೆ ಅಂಗಡಿ, ಬೆಂಡುಬತ್ತಾಸು, ಮಂಡಕ್ಕಿ ಮಿರ್ಚಿ. ಮಗುವೊಂದು ಪೀಪಿಗೆ ಹಟ ಹಿಡಿದಿದೆ. ಮರದಡಿ ಬುತ್ತಿ ಬಿಚ್ಚಿದವರು ಪಕ್ಕದವರಿಗೂ ರೊಟ್ಟಿ ನೀಡುತ್ತಾರೆ.

"ನಿಮ್ ಕಡೆ ಮಳೆ ಹೆಂಗೈತವ್ವ?" ಚನ್ನಗಿರಿಯವಳ ಪ್ರಶ್ನೆ.

"ಬಂತು. ಬೋರು ತುಂಬೋವಷ್ಟು ಇಲ್ಲ, ನಮ್ಮೆಜಮಾನ್ರು ಬಿತ್ತೋದು ಬಿಡೋವಷ್ಟು ಕಮ್ಮಿನೂ ಇಲ್ಲ" ಎಂದಳು ಜಗಳೂರಿನಾಕೆ.

ಇಬ್ಬರೂ ನಕ್ಕರು. ಆ ನಗು ಬರ ತೀರಿದ ಮೇಲೆ ಬಂದದ್ದಲ್ಲ. ನಾಳೆ ಬೆಳಗ್ಗೆ ಒಬ್ಬಳಿಗೆ ಸುಲಿಯಲು ಅಡಿಕೆಯಿದೆ, ಇನ್ನೊಬ್ಬಳಿಗೆ ಕಾಯಲು ಮೆಕ್ಕೆಜೋಳದ ಹೊಲವಿದೆ. ಕೆಲಸಕ್ಕೆ ಮರಳುವ ಧೈರ್ಯವನ್ನೇ ಇವರು ಹರಕೆಯ ಫಲವೆಂದು ಎಣಿಸುತ್ತಾರೆ. ಮಳೆ ಬಂದರೆ ಅದು ಮೇಲಿನ ಲಾಭ.