ಗಲ್ಲಿಗೇರದ ಕೈದಿ

1996ರಲ್ಲಿ ಅದಕ್ಕೆ ಮರಣದಂಡನೆ ಗೊತ್ತಾಯಿತು. ಶಿಕ್ಷೆ ಜಾರಿಗೆ ದಿನವೂ ನಿಗದಿಯಾಗಿತ್ತು: 1999ರ ಜೂನ್ 30. ಆ ದಿನ ಬಂತು, ಹೋಯಿತು. ಕೈದಿಯ ಕೂದಲೂ ಕೊಂಕಲಿಲ್ಲ. ಇಂದಿಗೂ ಅದು ಎರಡು ಕಡೆ ಬಂದಿಯಾಗಿದೆ: ಅಮೆರಿಕದ ಅಟ್ಲಾಂಟಾದಲ್ಲಿರುವ ರೋಗ ನಿಯಂತ್ರಣ ಕೇಂದ್ರದಲ್ಲಿ ಮತ್ತು ರಷ್ಯಾದ ಸೈಬೀರಿಯದಲ್ಲಿರುವ ‘ವೆಕ್ಟರ್’ ಸಂಶೋಧನಾ ಕೇಂದ್ರದಲ್ಲಿ. ಕೊರೆಯುವ ಶೈತ್ಯದಲ್ಲಿ, ಪುಟ್ಟ ಪುಟ್ಟ ಸೀಸೆಗಳೊಳಗೆ ಹೆಪ್ಪುಗಟ್ಟಿ ಮಲಗಿದೆ.

ಕೈದಿಯ ಹೆಸರು ವೇರಿಯೋಲಾ. ಸಿಡುಬು ತರುವ ವೈರಸ್.

ಮೂರು ಸಾವಿರ ವೈರಸ್‌ಗಳನ್ನು ಸಾಲಾಗಿ ನಿಲ್ಲಿಸಿದರೂ ಒಂದು ಮಿಲಿಮೀಟರ್ ತುಂಬುವುದು ಕಷ್ಟ. ಇಷ್ಟು ಚಿಕ್ಕದು ಇಪ್ಪತ್ತನೆಯ ಶತಮಾನವೊಂದರಲ್ಲೇ ಸುಮಾರು 30 ಕೋಟಿ ಜನರನ್ನು ಬಲಿ ತೆಗೆದುಕೊಂಡಿತು. ಸೋಂಕು ತಗುಲಿದ ಹತ್ತು ಮಂದಿಯಲ್ಲಿ ಮೂವರು ಸಾಯುತ್ತಿದ್ದರು. ಬದುಕಿ ಉಳಿದವರ ಮುಖದ ತುಂಬ ಕುಳಿಗಳು. ಕೆಲವರ ಕಣ್ಣೇ ಹೋಗುತ್ತಿತ್ತು. ಭಾರತದಲ್ಲಿ 1974ರ ಒಂದೇ ವರ್ಷ 1,80,000ಕ್ಕೂ ಹೆಚ್ಚು ಜನರಿಗೆ ಸಿಡುಬು ಬಂದಿತ್ತು. ಮರುವರ್ಷವೇ, ಅಂದರೆ 1975ರ ಮೇ ತಿಂಗಳಲ್ಲಿ, ದೇಶದ ಕೊನೆಯ ಪ್ರಕರಣ ದಾಖಲಾಯಿತು. ಆರೋಗ್ಯ ಕಾರ್ಯಕರ್ತರು ಮನೆ ಮನೆ ಅಲೆದು ರೋಗಿಗಳನ್ನು ಹುಡುಕಿ, ಅವರ ಸುತ್ತಲಿನವರಿಗೆಲ್ಲ ಲಸಿಕೆ ಚುಚ್ಚಿ ಸಾಧಿಸಿದ ಗೆಲುವು ಅದು. 1977ರ ಅಕ್ಟೋಬರಿನಲ್ಲಿ ಸೊಮಾಲಿಯಾದ ಅಲಿ ಮಾವ್ ಮಾಲಿನ್ ಎಂಬ ಆಸ್ಪತ್ರೆಯ ಅಡುಗೆಯವನಿಗೆ ಬಂದದ್ದೇ ಪ್ರಕೃತಿಯಲ್ಲಿ ಹರಡಿದ ಕೊನೆಯ ಸಿಡುಬು. ಆತ ಬದುಕಿಕೊಂಡ.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಗೋಡೆ ದಾಟಿದ ರೋಗ

1978ರ ಆಗಸ್ಟ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಛಾಯಾಗ್ರಾಹಕಿಯಾಗಿದ್ದ ಜಾನೆಟ್ ಪಾರ್ಕರ್ ಅವರಿಗೆ ಜ್ವರ ಬಂತು. ಮೈಮೇಲೆ ಗುಳ್ಳೆಗಳೆದ್ದವು. ಪರೀಕ್ಷೆ ಮಾಡಿದರೆ ಸಿಡುಬು! ಜಗತ್ತಿನಲ್ಲೇ ಇಲ್ಲವಾಗಿದ್ದ ರೋಗ ಅಲ್ಲಿಗೆ ಬಂದದ್ದಾದರೂ ಎಲ್ಲಿಂದ? ಆಕೆ ಕೆಲಸ ಮಾಡುತ್ತಿದ್ದ ಕೋಣೆಯ ಕೆಳಗಿನ ಅಂತಸ್ತಿನಲ್ಲೇ ಸಿಡುಬಿನ ವೈರಸ್ ಮೇಲೆ ಸಂಶೋಧನೆ ನಡೆಯುತ್ತಿತ್ತು. ಆ ವರ್ಷದ ಕೊನೆಗೆ ಆ ಪ್ರಯೋಗಾಲಯ ಮುಚ್ಚಬೇಕಿತ್ತು.

ಸೆಪ್ಟೆಂಬರ್ 11ರಂದು ಜಾನೆಟ್ ತೀರಿಕೊಂಡರು. ಅವರ ತಾಯಿಗೂ ಸೋಂಕು ತಗುಲಿತು, ಆದರೆ ಅವರು ಚೇತರಿಸಿಕೊಂಡರು. ಪ್ರತ್ಯೇಕವಾಗಿ ಇರಿಸಲಾಗಿದ್ದ ತಂದೆ ಅದೇ ದಿನಗಳಲ್ಲಿ ತೀರಿಹೋದರು. ಪ್ರಯೋಗಾಲಯದ ಮುಖ್ಯಸ್ಥ ಹೆನ್ರಿ ಬೆಡ್ಸನ್ ನೋವು ತಾಳಲಾರದೆ ತಮ್ಮ ಪ್ರಾಣ ತೆಗೆದುಕೊಂಡರು. ವೈರಸ್ ಮೇಲಿನ ಅಂತಸ್ತಿಗೆ ತಲುಪಿದ ದಾರಿ ಗಾಳಿಕೊಳವೆಯೋ, ಬೇರೆಯದೋ ಎಂಬ ವಾದ ನ್ಯಾಯಾಲಯದವರೆಗೂ ಹೋಯಿತು. ವಿಶ್ವವಿದ್ಯಾಲಯದ ಮೇಲಿನ ಆರೋಪ ಅಲ್ಲಿ ಸಾಬೀತಾಗಲಿಲ್ಲ. ದಾರಿ ಯಾವುದು ಎಂಬುದು ಇಂದಿಗೂ ಬಗೆಹರಿಯದ ಒಗಟು.

ಈ ದುರಂತದಿಂದ ಜಗತ್ತು ಬೆಚ್ಚಿತು. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆ ಸಿಡುಬು ನಿರ್ಮೂಲವಾಯಿತೆಂದು ಘೋಷಿಸಿತು. ವೈರಸ್ ಇಟ್ಟುಕೊಂಡಿದ್ದ ಪ್ರಯೋಗಾಲಯಗಳು ಒಂದೊಂದಾಗಿ ಅದನ್ನು ನಾಶ ಮಾಡಿದವು, ಇಲ್ಲವೇ ಒಪ್ಪಿಸಿದವು. ಉಳಿದದ್ದು ಎರಡೇ ಜೈಲು.

ಕೊಲ್ಲುವುದೋ, ಕಾಯುವುದೋ?

ಹಾಗಾದರೆ ಉಳಿದದ್ದನ್ನೂ ಸುಟ್ಟುಬಿಡಬಾರದೇಕೆ? ನಿರ್ಮೂಲನ ಕಾರ್ಯಕ್ರಮದ ನಾಯಕ ಡೊನಾಲ್ಡ್ ಹೆಂಡರ್ಸನ್ ಅವರ ನಿಲುವು ಅದೇ ಆಗಿತ್ತು. ಇದ್ದರೆ ಅಪಾಯ, ಇಲ್ಲದಿದ್ದರೆ ನಿಶ್ಚಿಂತೆ. ಇನ್ನೊಂದು ಪಕ್ಷದ ವಾದ ಬೇರೆ. ನಾಳೆ ರೋಗ ಮತ್ತೆ ತಲೆಯೆತ್ತಿದರೆ ಔಷಧ ಬೇಕು. ಆ ಔಷಧ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಜೀವಂತ ವೈರಸ್ ಬೇಕು. 2018ರಲ್ಲಿ ಅಮೆರಿಕದಲ್ಲಿ ಸಿಡುಬಿಗೆಂದೇ ‘ಟೆಕೊವಿರಿಮ್ಯಾಟ್’ ಎಂಬ ಔಷಧಕ್ಕೆ ಒಪ್ಪಿಗೆ ದೊರೆತದ್ದು ಈ ವಾದಕ್ಕೆ ಬಲ ತಂದಿತು. ಎರಡೂ ಕಡೆ ತಿಳಿವಳಿಕೆಯುಳ್ಳವರೇ ಇರುವುದರಿಂದ ಶಿಕ್ಷೆ ಮುಂದಕ್ಕೆ ಹೋಗುತ್ತಲೇ ಇದೆ.

ಈ ನಡುವೆ ಜೈಲಿನ ಲೆಕ್ಕವೇ ತಪ್ಪಿದ್ದು ಗೊತ್ತಾಯಿತು. 2014ರ ಜುಲೈಯಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಹಳೆಯ ಶೀತಲ ಕೋಣೆಯೊಂದನ್ನು ಖಾಲಿ ಮಾಡುವಾಗ ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ 1950ರ ದಶಕದ ಸೀಸೆಗಳು. ಅವುಗಳಲ್ಲಿ ಆರರ ಮೇಲೆ ‘ವೇರಿಯೋಲಾ’ ಎಂಬ ಚೀಟಿ! ಪರೀಕ್ಷಿಸಿದಾಗ ಎರಡು ಸೀಸೆಗಳಲ್ಲಿ ವೈರಸ್ ಇನ್ನೂ ಜೀವಂತವಾಗಿತ್ತು. ಯಾರ ನೆನಪಿಗೂ ಬಾರದೆ, ಕಾವಲಿಲ್ಲದೆ ಅದು ಅಷ್ಟು ಕಾಲ ಅಲ್ಲೇ ಇತ್ತು. ಮರುವರ್ಷ ಅದನ್ನು ನಾಶ ಮಾಡಲಾಯಿತು.

ಅಂಚೆಯಲ್ಲಿ ಬಂದ ತುಣುಕುಗಳು

ಆದರೆ ಬೀಗಕ್ಕೆ ಸಿಗದ ಇನ್ನೊಂದು ವಸ್ತುವಿದೆ: ತಿಳಿವಳಿಕೆ. ಯಾವ ವೈರಸ್ಸಿನ ಗುಣವೂ ಅದರ ತಳಿಸೂತ್ರದಲ್ಲಿರುತ್ತದೆ. ಸಿಡುಬಿನ ತಳಿಸೂತ್ರ ಸುಮಾರು 1,86,000 ‘ಅಕ್ಷರ’ಗಳ ಒಂದು ಓಲೆ. 1967ರಲ್ಲಿ ಭಾರತದಲ್ಲಿ ಸಂಗ್ರಹಿಸಿದ್ದ ಒಂದು ಮಾದರಿಯ ಓಲೆಯನ್ನು 1990ರ ದಶಕದಲ್ಲಿ ರಷ್ಯಾದ ವಿಜ್ಞಾನಿಗಳು ಪೂರ್ತಿ ಓದಿ ಪ್ರಕಟಿಸಿದರು. ಆಗ ಓದುವುದೇ ದೊಡ್ಡ ಸಾಹಸ. ಬರೆಯುವ ಮಾತು ಕನಸಿನಲ್ಲೂ ಇರಲಿಲ್ಲ.

ಈಗ ಬರೆಯಲೂಬಹುದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಡೇವಿಡ್ ಇವಾನ್ಸ್ ತಂಡ ಸಿಡುಬಿನ ದಾಯಾದಿಯಾದ ಕುದುರೆ ಸಿಡುಬಿನ ವೈರಸ್ಸನ್ನು ಹೊಸದಾಗಿ ಕಟ್ಟಿ, 2018ರ ಜನವರಿಯಲ್ಲಿ ವಿವರ ಪ್ರಕಟಿಸಿತು. ಡಿಎನ್‌ಎ ತುಣುಕುಗಳನ್ನು ಕಂಪನಿಯೊಂದಕ್ಕೆ ಹೇಳಿ ಮಾಡಿಸಿ, ಅಂಚೆಯಲ್ಲಿ ತರಿಸಿ ಜೋಡಿಸಿದ್ದು. ಖರ್ಚು ಸುಮಾರು ಒಂದು ಲಕ್ಷ ಡಾಲರ್. ಆ ವೈರಸ್ ಮನುಷ್ಯರಿಗೆ ಮಾರಕವಲ್ಲ. ಸುರಕ್ಷಿತ ಲಸಿಕೆ ತಯಾರಿಸುವುದು ಉದ್ದೇಶ ಎಂದಿತು ತಂಡ. ಟೀಕಾಕಾರರು ಕೇಳಿದ್ದು ಇಷ್ಟೇ: ದಾಯಾದಿಯನ್ನು ಕಟ್ಟಿದ ಕೈಗಳಿಗೆ ಸಿಡುಬನ್ನೇ ಕಟ್ಟುವುದು ಎಷ್ಟು ದೂರ?

ಸಿಡುಬಿನ ತುಣುಕು ಕೇಳಿದವರಿಗೆಲ್ಲ ಸಿಗುವುದಿಲ್ಲ. ಡಿಎನ್‌ಎ ತಯಾರಿಸುವ ಅನೇಕ ಕಂಪನಿಗಳು ಬೇಡಿಕೆ ಬಂದೊಡನೆ ಅದರ ಅಕ್ಷರಗಳನ್ನು ಅಪಾಯಕಾರಿ ಜೀವಿಗಳ ಪಟ್ಟಿಯೊಡನೆ ತಾಳೆ ನೋಡುತ್ತವೆ. ಸಿಡುಬಿನ ಡಿಎನ್‌ಎ ಬಳಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಬಿಗಿ ನಿಯಮಗಳೂ ಇವೆ. ಆದರೆ ಎಲ್ಲ ಕಂಪನಿಗಳೂ ತಪಾಸಣೆ ಮಾಡಲೇಬೇಕು ಎಂಬ ಒಂದೇ ಕಾನೂನು ಜಗತ್ತಿಗೆಲ್ಲ ಇಲ್ಲ.

ಪೋಷಕರು ಹೆದರಿ ಮಕ್ಕಳನ್ನು ಜೀವವಿಜ್ಞಾನದಿಂದ ದೂರ ಇಡಬೇಕೆ? ಖಂಡಿತ ಬೇಡ. ಸಿಡುಬನ್ನು ಓಡಿಸಿದ್ದೂ ಅದೇ ವಿಜ್ಞಾನ. 1980ರ ಬಳಿಕ ಹುಟ್ಟಿದವರಲ್ಲಿ ಬಹುತೇಕ ಯಾರ ತೋಳಿನಲ್ಲೂ ಸಿಡುಬಿನ ಲಸಿಕೆಯ ಗುರುತಿಲ್ಲ, ರೋಗವನ್ನು ಕಂಡ ನೆನಪೂ ಇಲ್ಲ. ಮುಂದೊಂದು ದಿನ ಇವರೇ ಪ್ರಯೋಗಾಲಯ ನಡೆಸುವವರು, ನಿಯಮ ಬರೆಯುವವರು. ಜೈಲಿನ ಕೀಲಿಕೈ ಅವರ ಕೈಗೆ ಬರುವ ಮೊದಲು ಕೈದಿಯ ಪರಿಚಯ ಚೆನ್ನಾಗಿ ಇರಬೇಕು. ಸೀಸೆಗೆ ಚೀಟಿ ಅಂಟಿಸುವುದು, ಲೆಕ್ಕ ಬರೆದಿಡುವುದು, ಪ್ರಯೋಗಕ್ಕೆ ಮುನ್ನ ನಾಲ್ಕು ಜನರನ್ನು ಕೇಳುವುದು ಬೇಸರದ ಕೆಲಸಗಳೇ. ಬೆಥೆಸ್ಡಾದ ಪೆಟ್ಟಿಗೆ ಅಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದದ್ದು ಅಂಥ ಬೇಸರದ ಕೆಲಸವೊಂದನ್ನು ಯಾರೋ ಬಿಟ್ಟಿದ್ದರಿಂದಲೇ.