ಓಕ್ ಮರಗಳ ಬೀಗತನ

ಸಂಬಂಧ ಬೆಳೆಸುವಾಗ ಕುಲಗೋತ್ರಗಳನ್ನು ವಿಚಾರಿಸುವುದು ಮನುಷ್ಯರಲ್ಲಿ ರೂಢಿ. ಗಿಡಮರಗಳಲ್ಲಿಯೂ ಪ್ರಕೃತಿಯು ಇಂತಹ ಕಟ್ಟುಪಾಡನ್ನು ವಿಧಿಸಿರುವಳು. ಮಾವಿನ ಪರಾಗದಿಂದ ಹಲಸು ಕಾಯಿಕಟ್ಟುವುದಿಲ್ಲ. ಆದರೆ ಈ ಕಟ್ಟನ್ನು ಆಗಾಗ ಮೀರಿಯೂ ತಮ್ಮ ಮನೆತನವನ್ನು ಉಳಿಸಿಕೊಂಡಿರುವ ಎರಡು ಮರಗಳು ಯೂರೋಪಿನಲ್ಲಿರುವುವು. ಅವುಗಳ ಸಂಗತಿಯನ್ನು ವಾಚಕರಿಗೆ ಅರಿಕೆಮಾಡಬಯಸುವೆವು.

ಎರಡೂ ಓಕ್ ಮರಗಳೇ. ಶಾಸ್ತ್ರಜ್ಞರು ಕ್ವೆರ್ಕಸ್ ರೋಬರ್ ಎನ್ನುವ ಮರದ ಕಾಯಿಗಳು ನೀಳವಾದ ತೊಟ್ಟಿನಲ್ಲಿ ತೂಗುವುವು. ಕ್ವೆರ್ಕಸ್ ಪೆಟ್ರಿಯಾ ಎಂಬುದರ ಕಾಯಿಗಳು ತೊಟ್ಟಿಲ್ಲದೆ ರೆಂಬೆಗೇ ಅಂಟಿಕೊಂಡಿರುವುವು. ಮೊದಲನೆಯದು ತೇವವಾದ ಜಿಗುಟು ಮಣ್ಣನ್ನೂ ಸಹಿಸುವುದು. ಎರಡನೆಯದಕ್ಕೆ ನೀರು ಬಸಿದುಹೋಗುವ ನೆಲವೇ ಹಿತ. ಇವು ಎರಡು ಜಾತಿಗಳೋ, ಒಂದೇ ಜಾತಿಯ ಎರಡು ಭೇದಗಳೋ ಎಂಬುದರಲ್ಲಿ ಪಂಡಿತರಿಗೂ ಅನುಭವಸ್ಥರಿಗೂ ಒಮ್ಮತವಿಲ್ಲವೆಂದು ಡಾರ್ವಿನ್ ಮಹಾಶಯನು 1859ರಲ್ಲಿಯೇ ಬರೆದಿದ್ದನು.

ವಸಂತದಲ್ಲಿ ಚಿಗುರಿನೊಡನೆಯೇ ಓಕ್ ಹೂಬಿಡುವುದು. ಒಂದೇ ಮರದಲ್ಲಿ ಗಂಡುಹೂಗಳೂ ಹೆಣ್ಣುಹೂಗಳೂ ಬೇರೆ ಬೇರೆಯಾಗಿರುವುವು. ಗಂಡುಹೂಗಳ ಜೋಲುಗೊಂಚಲಿನಿಂದ ಪರಾಗವು ಧೂಳಿನಂತೆ ಹಾರುವುದು. ಇಲ್ಲಿ ಜೇನ್ನೊಣದ ಹಂಗಿಲ್ಲ, ಗಾಳಿಯೇ ದೂತ. ಗಾಳಿಗೆ ಜಾತಿಯ ವಿಚಾರವೆಲ್ಲಿಯದು? ನೆರೆಯ ಮರದ ಪರಾಗವೂ, ಅನ್ಯ ಜಾತಿಯ ಪರಾಗವೂ ಒಂದೇ ಹೂವಿನ ಮೇಲೆ ಬೀಳುವುವು. ಆಯ್ಕೆಯ ಭಾರ ಹೆಣ್ಣುಹೂವಿನದು. ಪರಾಗ ಬಿದ್ದ ಮೇಲೆ ಬಸುರು ನಿಲ್ಲಲು ಹಲವು ವಾರಗಳೇ ಬೇಕು. ಸಾಮಾನ್ಯವಾಗಿ ಆರು ಅಂಡಕಗಳಿದ್ದರೂ ಬಲಿಯುವುದು ಒಂದೇ. ಹೂವು ತನ್ನ ಮರದ ಪರಾಗವನ್ನು ಬಹುಮಟ್ಟಿಗೆ ತಿರಸ್ಕರಿಸುವುದು. ಸ್ವಜಾತಿಯ ಬೇರೆ ಮರದ ಪರಾಗಕ್ಕೆ ಮೊದಲ ಮನ್ನಣೆ ಕೊಡುವುದು. ಆದರೂ ರೋಬರ್ ತಾಯಿಯಾಗಿ ಪೆಟ್ರಿಯಾ ತಂದೆಯಾದಾಗ ಮಿಶ್ರಸಂತಾನವು ಹೆಚ್ಚು ಸುಲಭವಾಗಿ ಹುಟ್ಟುವುದೆಂದು ಕೃತಕ ಪರಾಗಸ್ಪರ್ಶದ ಪ್ರಯೋಗಗಳಿಂದ ತಿಳಿದುಬಂದಿದೆ.

ಇದರಿಂದಾದ ಪ್ರಯೋಜನವು ಸಾಮಾನ್ಯವಲ್ಲ. ಹಿಮಯುಗದಲ್ಲಿ ಯೂರೋಪಿನ ಓಕ್‌ಗಳು ಸ್ಪೇನ್, ಇಟಲಿ, ಬಾಲ್ಕನ್ ಮೊದಲಾದ ದಕ್ಷಿಣದ ನೆಲೆಗಳಲ್ಲಿ ಮಾತ್ರ ಉಳಿದಿದ್ದುವು. ಹಿಮ ಕರಗಿದ ಬಳಿಕ ಉತ್ತರಕ್ಕೆ ಮರಳಿದುವು. ಕಾಯಿ ಭಾರವಾದುದು, ಜೇ ಎಂಬ ಹಕ್ಕಿಯು ಒಯ್ದು ಹೂತಿಟ್ಟಷ್ಟು ದೂರವೇ ಅದರ ಪಯಣ. ಆದರೆ ಓಕ್‌ಗಳಲ್ಲಿ ಎಲೆಯ ಹಸಿರುಕಣಗಳ ಡಿ.ಎನ್.ಎ. ನಮ್ಮ ತುಳುನಾಡಿನ ಅಳಿಯಸಂತಾನದ ಕಟ್ಟಿನಂತೆ ತಾಯಿಯ ಕಡೆಯಿಂದಲೇ ಇಳಿದುಬರುವುದು. 2002ರಲ್ಲಿ ಪ್ರಕಟವಾದ ಶೋಧನೆಯೊಂದರಲ್ಲಿ 2600ಕ್ಕೂ ಹೆಚ್ಚು ಓಕ್ ನೆಲೆಗಳನ್ನು ಪರೀಕ್ಷಿಸಲಾಗಿ, ಒಂದೇ ಪ್ರದೇಶದ ಎರಡು ಜಾತಿಗಳೂ ಅನೇಕ ಕಡೆ ಒಂದೇ ತಾಯಿಯ ಗುರುತನ್ನು ಹೊತ್ತಿರುವುದು ಕಂಡಿತು. ಪಂಡಿತರು ಇದನ್ನು ಹೀಗೆ ವಿವರಿಸುವರು: ರೋಬರ್ ಮುಂದೆ ಹೋಗಿ ನೆಲೆಸಿತು, ಪೆಟ್ರಿಯಾದ ಪರಾಗವು ಗಾಳಿಯಲ್ಲಿ ಹಿಂಬಾಲಿಸಿತು, ಮಿಶ್ರಸಂತಾನಕ್ಕೆ ತಲೆತಲಾಂತರವಾಗಿ ಅದೇ ಪರಾಗ ದೊರೆಯಲು, ಕಡೆಗೆ ಪೆಟ್ರಿಯಾ ಮರವೇ ಅಲ್ಲಿ ನಿಂತಿತು. ಕಾಯಿ ಹೋಗಲಾರದೆಡೆಗೆ ಪರಾಗವು ವಂಶವನ್ನು ಒಯ್ದಿತು.

ಇಂದು ಯೂರೋಪಿನ ಹವೆಯು ಮತ್ತೆ ಬದಲಾಗುತ್ತಿದೆ. ಬೇಸಗೆಯ ತಾಪವು ಏರುತ್ತಿದೆ. ಅಲ್ಲಿ ಕಾಡು ಬೆಳೆಸುವವರು ಬೀಜದ ಮರಗಳನ್ನು ಆಯುವಾಗ ಮಿಶ್ರ ಮರವನ್ನು ಕುಲಗೆಟ್ಟುದೆಂದು ಕಡಿಯಬಾರದೆಂಬುದು ನಮ್ಮ ಅಭಿಪ್ರಾಯ. ನೆರೆಯ ಕುಲದಿಂದ ಬೇಕಾದ ಗುಣವನ್ನು ಪಡೆದೂ ತನ್ನತನವನ್ನು ಬಿಡದಿರುವುದೇ ಈ ಎರಡು ಮರಗಳನ್ನು ಕಾಪಾಡಿಕೊಂಡು ಬಂದ ಉಪಾಯವಲ್ಲವೆ?